ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಯಾಕೆ ಎರರ್?

ಹೋದ ತಿಂಗಳು ಡಿಪೆಂಡೆನ್ಸಿ ಮ್ಯಾನೇಜರ್ ಬಗ್ಗೆ ಬರೆದಿದ್ದೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಕೊಡುತ್ತಾರಲ್ಲ, ಹಾಗೆ ಪ್ರತಿ ಪ್ರಾಜೆಕ್ಟಿಗೂ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಹಿಡಿದು ಬೇಕಾದ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಆ ಪ್ಯಾಕೇಜುಗಳಿಗೆ ಬೇಕಾದ ಇನ್ನಷ್ಟು ಪ್ಯಾಕೇಜುಗಳನ್ನು ಹುಡುಕಿ ತಂದು ಜೋಡಿಸುವ ಸಾಫ್ಟ್‌ವೇರ್ ಅದು. ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೂ ಒಂದೊಂದು: ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ಪೈಥಾನಿಗೆ ಪಿಪ್, ರಸ್ಟ್‌ಗೆ ಕಾರ್ಗೋ, ರೂಬಿಗೆ ಬಂಡ್ಲರ್. ಯಾವ ಪ್ಯಾಕೇಜಿನ ಯಾವ ವರ್ಷನ್ ತಂದೆವು ಎಂದು ಬರೆದಿಡುವ ಕಡತಕ್ಕೆ ಲಾಕ್ ಫೈಲ್ ಎನ್ನುತ್ತಾರೆ.

ಆ ಲೇಖನಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಕಂಡದ್ದು ಒಂದೇ ದೂರು. ಗೆಳೆಯರ ಕಂಪ್ಯೂಟರಿನಲ್ಲಿ ಓಡುತ್ತದೆ, ನನ್ನದರಲ್ಲಿ ಓಡುವುದಿಲ್ಲ. ನಾನು ಏಳು ವರ್ಷದಿಂದ ಇಂಥದ್ದೇ ಒಂದು ಡಿಪೆಂಡೆನ್ಸಿ ಮ್ಯಾನೇಜರಿನ ವಿಂಡೋಸ್ ಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಹಗಲು ಆಫೀಸು, ರಾತ್ರಿ ಊಟ ಆದ ಮೇಲೆ ಇದು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಾವು ನಾಲ್ವರು ಸೇರಿ ಕೊನೆ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಒಬ್ಬಳ ಹತ್ತಿರ ಮ್ಯಾಕ್ ಇದೆ. ಅವಳು ಲಾಕ್ ಫೈಲ್ ಅಪ್‌ಡೇಟ್ ಮಾಡಿದ ದಿನದಿಂದ ಕಾಲೇಜಿನ ಲಿನಕ್ಸ್ ಸರ್ವರಿನಲ್ಲಿ ‘ರೋಲಪ್ ಲಿನಕ್ಸ್ ಮಾಡ್ಯೂಲ್ ಸಿಗಲಿಲ್ಲ’ ಎಂದು ಎರರ್ ಬರುತ್ತಿದೆ. ಲಾಕ್ ಫೈಲ್ ಅಳಿಸಿಬಿಡಿ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅದು ಸರಿಯಾ? (ವಿದ್ಯಾರ್ಥಿನಿ, ದಾವಣಗೆರೆ)

ಮೊದಲು ಒಂದು ಮಾತು. ನಿಮ್ಮ ಗೆಳತಿ ತಪ್ಪು ಮಾಡಿಲ್ಲ. ಅವಳನ್ನು ಯಾರೂ ಬೈಯಬೇಡಿ.

ರೋಲಪ್ ಎನ್ನುವ ಪ್ಯಾಕೇಜು 2023ರಲ್ಲಿ ಬಂದ 4ನೇ ವರ್ಷನ್ನಿನಿಂದ ತನ್ನ ಒಂದು ಭಾಗವನ್ನು ರಸ್ಟ್‌ನಲ್ಲಿ ಬರೆದುಕೊಂಡಿದೆ. ಆ ಭಾಗ ಪ್ರತಿ ಆಪರೇಟಿಂಗ್ ಸಿಸ್ಟಮ್ಮಿಗೂ ಬೇರೆ ಬೇರೆ ಬೈನರಿಯಾಗಿ (ಕಂಪ್ಯೂಟರ್ ನೇರವಾಗಿ ಓಡಿಸುವ ಫೈಲ್) ಸಿಗುತ್ತದೆ. ಮ್ಯಾಕ್‌ಗೆ ಬೇರೆ, ವಿಂಡೋಸಿಗೆ ಬೇರೆ, ಲಿನಕ್ಸಿನಲ್ಲೇ ಹಲವು ಬಗೆ. ಇವೆಲ್ಲ ‘ಆಪ್ಷನಲ್’ ಪಟ್ಟಿಯಲ್ಲಿರುತ್ತವೆ. ಯಾವ ಕಂಪ್ಯೂಟರಿಗೆ ಯಾವುದು ಹೊಂದುತ್ತದೋ ಅದನ್ನು ಮಾತ್ರ ಇಳಿಸಿಕೊಳ್ಳಬೇಕು. ಆದರೆ ಲಾಕ್ ಫೈಲಿನಲ್ಲಿ ಮಾತ್ರ ಎಲ್ಲವೂ ಇರಬೇಕು. ಇಲ್ಲಿ ಎನ್‌ಪಿಎಂ ಎಡವಿತು. ಇಳಿಸಿದ ಪ್ಯಾಕೇಜುಗಳೆಲ್ಲ ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಆಗಲೇ ಇದ್ದಾಗ ಲಾಕ್ ಫೈಲ್ ಹೊಸದಾಗಿ ಬರೆಯಬೇಕಾಗಿ ಬಂದರೆ, ಅದು ಆ ಫೋಲ್ಡರಿನಲ್ಲಿ ಕಂಡದ್ದನ್ನಷ್ಟೇ ಬರೆಯುತ್ತಿತ್ತು. ಮ್ಯಾಕ್ ಡಿಸ್ಕಿನಲ್ಲಿ ಮ್ಯಾಕ್ ಬೈನರಿ ಮಾತ್ರ ಇತ್ತು. ಲಿನಕ್ಸಿನ ಸಾಲು ಸುಮ್ನೆ ಬಿಟ್ಟುಹೋಯಿತು. ಈ ದೂರು 2022ರಿಂದಲೇ ಎನ್‌ಪಿಎಂನ ಬಗ್ ಪಟ್ಟಿಯಲ್ಲಿತ್ತು. ರೋಲಪ್ ತಂಡದವರು ತಮ್ಮ ಎರರ್ ಸಂದೇಶದಲ್ಲೇ ಆ ಬಗ್ಗಿನ ಕೊಂಡಿ ಹಾಕಿಟ್ಟರು. ಎರರನ್ನು ಕೊನೆಯ ಸಾಲಿನ ತನಕ ಓದಿ, ಪರಿಹಾರ ಅಲ್ಲೇ ಬರೆದಿರುತ್ತದೆ.

ಆ ಪರಿಹಾರ ಇಷ್ಟೇ: ಲಾಕ್ ಫೈಲನ್ನೂ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಒಟ್ಟಿಗೆ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು. ನಿಮ್ಮ ಸೀನಿಯರ್‌ಗಳು ಲಾಕ್ ಫೈಲ್ ಮಾತ್ರ ಹೇಳಿದ್ದಾರೆ. ಅಷ್ಟೇ ಮಾಡಿದರೆ ಅದೇ ಫೋಲ್ಡರ್ ನೋಡಿಕೊಂಡು ಅದೇ ತಪ್ಪು ಲಾಕ್ ಫೈಲ್ ಮತ್ತೆ ಹುಟ್ಟುತ್ತದೆ. ಇದಕ್ಕೊಂದು ಬೆಲೆಯೂ ಇದೆ. ಲಾಕ್ ಫೈಲ್ ಹೋದರೆ ಎಲ್ಲ ವರ್ಷನ್‌ಗಳೂ ಒಂದು ಹೆಜ್ಜೆ ಮುಂದೆ ಜರುಗಬಹುದು. ಪ್ರಾಜೆಕ್ಟ್ ತೋರಿಸುವ ಹಿಂದಿನ ದಿನ ದಯವಿಟ್ಟು ಇದನ್ನು ಮಾಡಬೇಡಿ. ನಾನಾಗಿದ್ದರೆ, ಕೋಡಿನ ಹಳೆಯ ರೂಪಗಳನ್ನೆಲ್ಲ ಕಾಪಿಡುವ ಗಿಟ್ ಇತಿಹಾಸದಲ್ಲಿ ಲಿನಕ್ಸ್ ಸಾಲು ಇನ್ನೂ ಇದ್ದ ಹಳೆಯ ಲಾಕ್ ಫೈಲನ್ನು ಹುಡುಕಿ, ಅದನ್ನು ವಾಪಸ್ ತಂದು, ನೋಡ್ ಮಾಡ್ಯೂಲ್ಸ್ ಅಳಿಸಿ, ಆಮೇಲೆ ಹೊಸ ಪ್ಯಾಕೇಜು ಸೇರಿಸುತ್ತಿದ್ದೆ. ಮುಗಿದ ಮೇಲೆ ಲಾಕ್ ಫೈಲ್ ತೆರೆದು ‘ಲಿನಕ್ಸ್’ ಎಂದು ಹುಡುಕಿ ನೋಡಿ. ಸಾಲು ಕಂಡರೆ ನಿಶ್ಚಿಂತೆ.

ನಾನು ನೋಡಿಕೊಳ್ಳುವ ಮ್ಯಾನೇಜರಿನಲ್ಲೂ ಇದೇ ದೋಷ ಇತ್ತು. ಡಿಸ್ಕಿನಲ್ಲಿ ಇರುವುದೇ ಪೂರ್ತಿ ಸತ್ಯ ಎಂದು ಕೋಡ್ ನಂಬಿತ್ತು. ಸರಿಪಡಿಸುವಾಗ ಆ ನಂಬಿಕೆಯನ್ನೇ ಕಿತ್ತೆವು. ಈಗ ಅದು ಪ್ರತಿ ಪ್ಲಾಟ್‌ಫಾರ್ಮಿನ ವಿವರವನ್ನೂ ಪ್ಯಾಕೇಜುಗಳ ಭಂಡಾರವಾದ ರಿಜಿಸ್ಟ್ರಿಯಿಂದಲೇ ಕೇಳಿ ಬರೆಯುತ್ತದೆ. ಬೇರೆ ಪ್ರೋಗ್ರಾಮಿಂಗ್ ಭಾಷೆಯವರು ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಬಂಡ್ಲರಿನ ಲಾಕ್ ಫೈಲಿನೊಳಗೆ ಪ್ಲಾಟ್‌ಫಾರ್ಮ್‌ಗಳ ಪಟ್ಟಿಯೇ ಇರುತ್ತದೆ, ಮ್ಯಾಕ್‌ನಲ್ಲಿ ಕೂತೇ ‘ಲಿನಕ್ಸನ್ನೂ ಸೇರಿಸು’ ಎಂದು ಒಂದು ಕಮಾಂಡ್ ಕೊಡಬಹುದು. ಪೈಥಾನಿನಲ್ಲಿ ‘ಪಿಪ್ ಫ್ರೀಜ್’ ಮಾಡಿದರೆ ಆ ಕಂಪ್ಯೂಟರಿನಲ್ಲಿ ಇರುವ ಪ್ಯಾಕೇಜುಗಳ ಪಟ್ಟಿ ಮಾತ್ರ ಸಿಗುತ್ತದೆ. ವಿಂಡೋಸಿನಲ್ಲಿ ಮಾಡಿದ ಪಟ್ಟಿಗೆ ವಿಂಡೋಸಿಗೆ ಮಾತ್ರ ಇರುವ ‘ಪೈವಿನ್32’ ಸೇರಿಕೊಂಡು ಲಿನಕ್ಸಿನಲ್ಲಿ ಎಲ್ಲವೂ ನಿಂತುಹೋಗುವುದನ್ನು ಎಷ್ಟು ಸಲ ನೋಡಿದ್ದೇನೋ. ಪೈಥಾನಿನ ಬೇರೆ ಮ್ಯಾನೇಜರುಗಳಾದ ಪೊಯೆಟ್ರಿ, ಯುವಿ ಇವು ‘ಇದು ವಿಂಡೋಸ್ ಆದರೆ ಮಾತ್ರ’ ಎಂಬ ಷರತ್ತಿನ ಜೊತೆ ಎಲ್ಲವನ್ನೂ ಒಂದೇ ಲಾಕ್ ಫೈಲಿನಲ್ಲಿ ಬರೆಯುತ್ತವೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ವಿಂಡೋಸಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಅಪರೂಪಕ್ಕೆ ‘ರಿನೇಮ್ ಮಾಡಲು ಅನುಮತಿ ಇಲ್ಲ’ ಎಂದು ನಿಲ್ಲುತ್ತದೆ. ಮತ್ತೆ ಓಡಿಸಿದರೆ ಏನೂ ಆಗದ ಹಾಗೆ ಮುಗಿಯುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೂ ಬಂತು. (ಸಾಫ್ಟ್‌ವೇರ್ ಉದ್ಯೋಗಿ, ಮಂಗಳೂರು)

ಈ ಬಗ್ಗಿನ ಜೊತೆ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ಯಾಕೇಜನ್ನು ಇಳಿಸುವಾಗ ಮ್ಯಾನೇಜರ್ ಅದನ್ನು ನೇರವಾಗಿ ಅದರ ಜಾಗಕ್ಕೆ ಹಾಕುವುದಿಲ್ಲ. ಅರ್ಧದಲ್ಲಿ ಕರೆಂಟ್ ಹೋದರೆ ಅರ್ಧ ಪ್ಯಾಕೇಜು ಉಳಿದುಬಿಡುತ್ತದೆ, ಅಲ್ವಾ? ಅದಕ್ಕೆ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿ, ಎಲ್ಲ ಸರಿ ಇದ್ದರೆ ಆ ಫೋಲ್ಡರಿಗೆ ನಿಜವಾದ ಹೆಸರು ಕೊಡುತ್ತದೆ. ಲಿನಕ್ಸಿನಲ್ಲಿ ಈ ರಿನೇಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಒಳಗಿನ ಫೈಲನ್ನು ಬೇರೆ ಯಾರೋ ತೆರೆದಿಟ್ಟುಕೊಂಡಿದ್ದರೂ ಲಿನಕ್ಸಿಗೆ ಚಿಂತೆ ಇಲ್ಲ. ವಿಂಡೋಸ್ ಹಾಗಲ್ಲ. ಫೋಲ್ಡರಿನ ಒಳಗೆ ಒಂದೇ ಒಂದು ಫೈಲ್ ಬೇರೆ ಪ್ರೋಗ್ರಾಮಿನ ಕೈಯಲ್ಲಿದ್ದರೂ ಇಡೀ ಫೋಲ್ಡರಿನ ಹೆಸರು ಬದಲಿಸಲು ಬಿಡುವುದಿಲ್ಲ.

ನಮಗೆ ದೂರು ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಅದು ಕಾಣಲೇ ಇಲ್ಲ. ಒಂದು ಲೂಪ್ ಬರೆದು ರಾತ್ರಿಯಿಡೀ ಇನ್‌ಸ್ಟಾಲ್ ಮಾಡಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಮೂರು ಕಡೆ ಕೆಂಪು ಸಾಲು. ಆ ಸಾಲುಗಳನ್ನು ನೋಡಿ ಆದ ಸಂತೋಷ ಇನ್ನೂ ನೆನಪಿದೆ. ಕಣ್ಣಿಗೆ ಕಾಣದ ಬಗ್ಗನ್ನು ಸರಿಮಾಡಲಾಗುವುದಿಲ್ಲ. ಆಮೇಲೆ ಮೈಕ್ರೋಸಾಫ್ಟಿನವರೇ ಉಚಿತವಾಗಿ ಕೊಡುವ ‘ಪ್ರೊಸೆಸ್ ಮಾನಿಟರ್’ ಹಾಕಿ ಕೂತೆ. ಯಾವ ಪ್ರೋಗ್ರಾಂ ಯಾವ ಕ್ಷಣಕ್ಕೆ ಯಾವ ಫೈಲ್ ಮುಟ್ಟಿತು ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ನಮ್ಮ ರಿನೇಮ್ ಸೋತ ಸಾಲಿನ ಸ್ವಲ್ಪ ಮೇಲೆ ಆಂಟಿವೈರಸ್ಸಿನ ಹೆಸರಿತ್ತು. ಹೊಸ ಫೈಲ್ ಬಂದ ತಕ್ಷಣ ಅದು ತೆರೆದು ಪರೀಕ್ಷೆ ಮಾಡುತ್ತಿತ್ತು. ಅದರ ಕೆಲಸ ಅದು. ನಾವು ಆ ಚೂರು ಸಮಯ ಕಾಯದೇ ಕೈ ಚೆಲ್ಲುತ್ತಿದ್ದೆವು.

ಹಾಗಾದರೆ ಕಾದು ಮತ್ತೆ ಪ್ರಯತ್ನಿಸಿದರೆ ಆಯಿತಲ್ಲ? ಹೌದು, ಪರಿಹಾರ ಅದೇ. ನೋಡ್ (ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ಪ್ರೋಗ್ರಾಂ) ಲೋಕದಲ್ಲಿ ತುಂಬ ಬಳಕೆಯಲ್ಲಿರುವ ‘ಗ್ರೇಸ್‌ಫುಲ್ ಎಫ್‌ಎಸ್’ ಲೈಬ್ರರಿ ವಿಂಡೋಸಿನಲ್ಲಿ ರಿನೇಮ್ ಸೋತರೆ 60 ಸೆಕೆಂಡಿನ ತನಕ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ನಿಜವಾಗಿಯೂ ಅನುಮತಿ ಇಲ್ಲದಿದ್ದರೂ ವಿಂಡೋಸ್ ಕೊಡುವುದು ಅದೇ ಎರರ್. ಆ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೂ ಅದೇ ಎರರ್. ಕಣ್ಣು ಮುಚ್ಚಿ ಕಾದರೆ ಬಳಸುವವರು ಒಂದು ನಿಮಿಷ ಸುಮ್ನೆ ಪರದೆ ನೋಡುತ್ತಾ ಕೂರಬೇಕು. ಅದಕ್ಕೆ ಪ್ರತಿ ಸಲ ಸೋತಾಗಲೂ ಹೋಗಬೇಕಾದ ಜಾಗ ಖಾಲಿ ಇದೆಯಾ ಎಂದು ನೋಡಬೇಕು. ಖಾಲಿ ಇದ್ದರೆ ಮಾತ್ರ ಕಾಯಬೇಕು. ಮೊದಲು 10 ಮಿಲಿಸೆಕೆಂಡ್, ಆಮೇಲೆ ಸ್ವಲ್ಪ ಜಾಸ್ತಿ, ಆಮೇಲೆ ಇನ್ನೂ ಸ್ವಲ್ಪ.

ಅಷ್ಟು ಮಾಡಿ ಬಿಡುಗಡೆ ಮಾಡಿದ ವಾರವೇ ಇನ್ನೊಂದು ದೂರು ಬಂತು. ‘ಬೇರೆ ಡಿವೈಸಿಗೆ ರಿನೇಮ್ ಮಾಡಲಾಗದು’ ಎಂದು. ಅವರ ಪ್ರಾಜೆಕ್ಟ್ ಡಿ ಡ್ರೈವಿನಲ್ಲಿತ್ತು, ತಾತ್ಕಾಲಿಕ ಫೋಲ್ಡರ್ ಸಿ ಡ್ರೈವಿನಲ್ಲಿ. ರಿನೇಮ್ ಎಂದರೆ ಹೆಸರು ಬದಲಿಸುವುದಷ್ಟೇ, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವುದಲ್ಲ. ಲಿನಕ್ಸಿನಲ್ಲೂ ತಾತ್ಕಾಲಿಕ ಫೋಲ್ಡರ್ ಬೇರೆ ಪಾರ್ಟಿಷನ್ನಿನಲ್ಲಿದ್ದರೆ ಇದೇ ಎರರ್ ಬರುತ್ತದೆ. ನಮ್ಮಲ್ಲಿ ಯಾರಿಗೂ ಅಂಥ ಕಂಪ್ಯೂಟರ್ ಇರಲಿಲ್ಲ, ಅಷ್ಟೇ. ತಾತ್ಕಾಲಿಕ ಫೋಲ್ಡರನ್ನು ಹೋಗಬೇಕಾದ ಜಾಗದ ಪಕ್ಕದಲ್ಲೇ ಮಾಡುವಂತೆ ಬದಲಿಸಿದೆವು. ಆಮೇಲೆ ಆ ದೂರು ಬರಲಿಲ್ಲ.

ನೀವು ಈಗ ಮಾಡಬಹುದಾದ್ದು: ಮ್ಯಾನೇಜರನ್ನು ಹೊಸ ವರ್ಷನ್ನಿಗೆ ತನ್ನಿ. ಇನ್‌ಸ್ಟಾಲ್ ಮಾಡುವಾಗ ಎಡಿಟರ್, ಓಡುತ್ತಿರುವ ಸರ್ವರ್ ಎರಡನ್ನೂ ಮುಚ್ಚಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದನ್ನು ಮಾತ್ರ ನಿಲ್ಲಿಸಿ. ಯಾರು ಬರೆದಿದ್ದೋ ಗೊತ್ತಿಲ್ಲದ ನೂರಾರು ಪ್ಯಾಕೇಜುಗಳ ಇನ್‌ಸ್ಟಾಲ್ ಸ್ಕ್ರಿಪ್ಟುಗಳಿಗೆ ಮನೆಯ ಎಲ್ಲ ಬೀಗದ ಕೈ ಕೊಟ್ಟಂತೆ ಅದು.

ಪ್ರಶ್ನೆ: ಲ್ಯಾಬಿನ ವಿಂಡೋಸ್ ಕಂಪ್ಯೂಟರಿನಲ್ಲಿ ಹಳೆಯ ಪ್ರಾಜೆಕ್ಟಿನ ನೋಡ್ ಮಾಡ್ಯೂಲ್ಸ್ ಡಿಲೀಟ್ ಆಗುವುದೇ ಇಲ್ಲ. ಹೆಸರು ತುಂಬ ಉದ್ದ ಎನ್ನುತ್ತದೆ. (ಪಾಲಿಟೆಕ್ನಿಕ್ ಉಪನ್ಯಾಸಕರು, ಶಿವಮೊಗ್ಗ)

ವಿಂಡೋಸಿನಲ್ಲಿ ಡ್ರೈವ್ ಅಕ್ಷರದಿಂದ ಹಿಡಿದು ಪೂರ್ತಿ ಹಾದಿಗೆ 260 ಅಕ್ಷರದ ಮಿತಿ ಇತ್ತು. ಹಳೆಯ ಎನ್‌ಪಿಎಂ ಪ್ಯಾಕೇಜಿನೊಳಗೆ ಪ್ಯಾಕೇಜು, ಅದರೊಳಗೆ ಇನ್ನೊಂದು ಎಂದು ಹೂತಿಡುತ್ತಿತ್ತು. 2015ರಲ್ಲಿ ಬಂದ 3ನೇ ವರ್ಷನ್ ಆದಷ್ಟನ್ನು ಮೇಲಿನ ಹಂತದಲ್ಲೇ ಹರಡಿ ಇಡಲು ಶುರುಮಾಡಿತು. ನಿಮ್ಮದು ಅದಕ್ಕಿಂತ ಹಳೆಯ ಪ್ರಾಜೆಕ್ಟ್ ಇರಬೇಕು. ‘ರಿಮ್‌ರಾಫ್’ ಎಂಬ ಪುಟ್ಟ ಟೂಲ್ ಹಾಕಿ ಅಳಿಸಿ, ಹೋಗುತ್ತದೆ. ವಿಂಡೋಸ್ 10ರ 2016ರ ಅಪ್‌ಡೇಟಿನಿಂದ ಉದ್ದ ಹಾದಿಗೆ ಅವಕಾಶ ಕೊಡುವ ಸೆಟ್ಟಿಂಗ್ ಇದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು, ಪ್ರೋಗ್ರಾಮೂ ಒಪ್ಪಬೇಕು. ಲ್ಯಾಬಿನಲ್ಲಿ ಪ್ರಾಜೆಕ್ಟುಗಳನ್ನು ಡೆಸ್ಕ್‌ಟಾಪಿನ ಒಳಗಿನ ಒಳಗೆ ಇಡದೆ ಡ್ರೈವಿನ ಮೇಲೇ ಒಂದು ಚಿಕ್ಕ ಹೆಸರಿನ ಫೋಲ್ಡರಿನಲ್ಲಿಟ್ಟರೆ ಸಾಕು.

ಪ್ರಶ್ನೆ: ನಾನು ಆಡಿಯೋ ಕೋಡಿಗೆ ‘ಆಕ್ಸ್.ಜೆಎಸ್’ ಎಂದು ಹೆಸರಿಟ್ಟೆ. ನನ್ನ ಉಬುಂಟುವಿನಲ್ಲಿ ಸರಿ ಇದೆ. ವಿಂಡೋಸ್ ಇರುವ ಗೆಳೆಯನಿಗೆ ಪ್ರಾಜೆಕ್ಟನ್ನು ಕ್ಲೋನ್ (ಗಿಟ್ ಮೂಲಕ ನಕಲು ಇಳಿಸಿಕೊಳ್ಳುವುದು) ಮಾಡಲೂ ಆಗುತ್ತಿಲ್ಲ. (ಬಿಸಿಎ ವಿದ್ಯಾರ್ಥಿ, ಹಾಸನ)

ನೀವು ಒಂದು ಹಳೆಯ ಕಥೆಯ ಮೇಲೆ ಕಾಲಿಟ್ಟಿದ್ದೀರಿ. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಆಕ್ಸ್, ಕಾನ್, ಪಿಆರ್‌ಎನ್, ನಲ್ ಇವು ಫೈಲಿನ ಹೆಸರುಗಳಾಗಿರಲಿಲ್ಲ, ಸಾಧನಗಳ ಹೆಸರುಗಳಾಗಿದ್ದವು. ಕಾನ್ ಎಂದರೆ ಕೀಬೋರ್ಡು ಮತ್ತು ಪರದೆ, ಪಿಆರ್‌ಎನ್ ಎಂದರೆ ಪ್ರಿಂಟರ್. ಹಳೆಯ ಪ್ರೋಗ್ರಾಮುಗಳು ನಿಲ್ಲಬಾರದು ಎಂದು ವಿಂಡೋಸ್ ಆ ಹೆಸರುಗಳನ್ನು ಕಾಯ್ದಿಟ್ಟುಕೊಂಡು ಬಂತು.

ಇದರಿಂದ ಒಂದು ಇಡೀ ಡಿಪೆಂಡೆನ್ಸಿ ಮ್ಯಾನೇಜರೇ ನಿಂತದ್ದುಂಟು. 2016ರಲ್ಲಿ ಒಬ್ಬರು ರಸ್ಟ್‌ನ ಪ್ಯಾಕೇಜು ಭಂಡಾರಕ್ಕೆ ‘ನಲ್’ ಎಂಬ ಹೆಸರಿನ ಪ್ಯಾಕೇಜು ಹಾಕಿದರು. ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಪ್ಯಾಕೇಜಿಗೆ ಆ ಹೆಸರು ಹೊಂದುತ್ತಿತ್ತು. ಆಗ ಕಾರ್ಗೋ ತನ್ನ ಸೂಚಿಯನ್ನು (ಎಲ್ಲ ಪ್ಯಾಕೇಜುಗಳ ಪಟ್ಟಿ) ಒಂದು ಗಿಟ್ ರೆಪೊಸಿಟರಿಯಾಗಿ ಇಟ್ಟುಕೊಂಡಿತ್ತು, ಪ್ರತಿ ಪ್ಯಾಕೇಜಿಗೂ ಅದರ ಹೆಸರಿನ ಒಂದು ಫೈಲ್. ವಿಂಡೋಸಿನಲ್ಲಿ ‘ನಲ್’ ಎಂಬ ಫೈಲ್ ಬರೆಯಲಾಗಲಿಲ್ಲ, ಸೂಚಿ ಅಪ್‌ಡೇಟ್ ಆಗಲಿಲ್ಲ. ಆ ಪ್ಯಾಕೇಜು ಬಳಸದ ವಿಂಡೋಸಿನವರಿಗೂ ಕಾರ್ಗೋ ಓಡಲಿಲ್ಲ. ಪ್ಯಾಕೇಜನ್ನು ತೆಗೆದು, ಅಂಥ ಹೆಸರುಗಳನ್ನು ಭಂಡಾರದ ಬಾಗಿಲಲ್ಲೇ ತಡೆಯುವಂತೆ ಮಾಡಿದರು. ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ತೇಪೆ ಹಾಕುವ ಬದಲು ಹೆಸರು ಹುಟ್ಟುವ ಜಾಗದಲ್ಲೇ ನಿಲ್ಲಿಸಿದ್ದು ನನಗೆ ತುಂಬ ಮೆಚ್ಚುಗೆ.

ನಿಮ್ಮ ಫೈಲಿಗೆ ‘ಆಡಿಯೋ’ ಎಂದೇ ಹೆಸರಿಡಿ. ಗೆಳೆಯನಿಗೆ ಕ್ಲೋನ್ ಆಗುತ್ತದೆ.

ಪ್ರಶ್ನೆ: ನನ್ನ ಪ್ರಾಜೆಕ್ಟಿನ ಫೋಲ್ಡರಿಗೆ ‘ಯೋಜನೆ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಲಿನಕ್ಸಿಗೆ ತಂದೆ. ಫೋಲ್ಡರ್ ಕಣ್ಣೆದುರೇ ಇದೆ, ಮ್ಯಾನೇಜರ್ ಮಾತ್ರ ‘ಯೋಜನೆ ಎಂಬ ಫೋಲ್ಡರ್ ಇಲ್ಲ’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಹೆಸರಿಡಬೇಕಿತ್ತು ಎಂದು ಎಲ್ಲರೂ ಬೈದರು. (ಓದುಗರು, ಉಡುಪಿ)

ಕನ್ನಡದಲ್ಲಿ ಹೆಸರಿಟ್ಟದ್ದು ತಪ್ಪಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ.

‘ಯೋ’ ಅಕ್ಷರದ ಓ-ಕಾರವನ್ನು ಯೂನಿಕೋಡಿನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಎರಡು ರೀತಿ ಬರೆಯಬಹುದು. ಒಂದು, ಓ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ. ಇನ್ನೊಂದು, ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ, ದೀರ್ಘದ ಚಿಹ್ನೆ ಹೀಗೆ ಮೂರು ಸಂಕೇತಗಳನ್ನು ಜೋಡಿಸಿ. ಎರಡೂ ಒಂದೇ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಡಿಸ್ಕಿನ ಮೇಲೆ ಮೊದಲ ‘ಯೋಜನೆ’ 15 ಬೈಟು, ಎರಡನೆಯದು 21 ಬೈಟು. ಹಳೆಯ ಮ್ಯಾಕ್‌ನ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. 2017ರಿಂದ ಬಂದ ಹೊಸದು ಕೊಟ್ಟ ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ಲಿನಕ್ಸಿಗೆ ಸಾಮಾನ್ಯವಾಗಿ ಬೈಟುಗಳಷ್ಟೇ ಗೊತ್ತು. ನೀವು ಕೀಬೋರ್ಡಿನಲ್ಲಿ ಟೈಪ್ ಮಾಡಿದ ‘ಯೋಜನೆ’ ಕೂಡಿದ ರೂಪ, ಜಿಪ್‌ನಿಂದ ಬಂದ ಫೋಲ್ಡರಿನದು ಬಿಡಿಸಿದ ರೂಪ. ಲಿನಕ್ಸಿಗೆ ಅವು ಎರಡು ಬೇರೆ ಹೆಸರು.

ಫ್ರೆಂಚ್, ಜರ್ಮನ್ ಬರೆಯುವವರಿಗೂ ಇದೇ ಕಷ್ಟ ಇತ್ತು. ಅವರು ದೂರು ಕೊಟ್ಟರು. 2012ರಲ್ಲಿ ಗಿಟ್ ಇದಕ್ಕೆಂದೇ ಮ್ಯಾಕ್‌ಗೆ ಒಂದು ಸೆಟ್ಟಿಂಗ್ ಸೇರಿಸಿತು. ನಮ್ಮಲ್ಲಿ ಹೆಸರನ್ನೇ ಇಂಗ್ಲಿಷಿಗೆ ಬದಲಿಸಿ ಸುಮ್ಮನಾಗುತ್ತೇವೆ. ಬಗ್ ಹಾಗೇ ಉಳಿಯುತ್ತದೆ.

ಟೂಲಿನಲ್ಲಿ ಇದನ್ನು ಸರಿಮಾಡುವಾಗ ಎಚ್ಚರ ಬೇಕು. ಎಲ್ಲ ಹೆಸರನ್ನೂ ಕೂಡಿದ ರೂಪಕ್ಕೆ ತಂದುಬಿಡೋಣ ಎಂದು ಮೊದಲು ಅನ್ನಿಸುತ್ತದೆ. ಹಾಗೆ ಮಾಡಿದರೆ ಡಿಸ್ಕಿನ ಮೇಲಿನ ಫೈಲನ್ನು ತೆರೆಯಲಾಗುವುದಿಲ್ಲ. ಹೋಲಿಸುವಾಗ ಮಾತ್ರ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ತೆರೆಯುವಾಗ ಡಿಸ್ಕ್ ಹೇಳಿದ ಬೈಟುಗಳನ್ನೇ ಬಳಸಬೇಕು. ನಾನು ನಮ್ಮ ಮ್ಯಾನೇಜರಿಗೆ ಇದನ್ನು ಹಾಕಿದಾಗ ಟೆಸ್ಟಿನಲ್ಲಿ ‘ಕೋಲಾರ’ ಎಂಬ ಫೋಲ್ಡರನ್ನು ಎರಡೂ ರೂಪದಲ್ಲಿ ಇಟ್ಟೆ. ಈಗ ಯಾರು ಕೋಡ್ ಬದಲಿಸಿದರೂ ಆ ಟೆಸ್ಟ್ ಮೂರೂ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಓಡುತ್ತದೆ. ಕನ್ನಡ ಬಾರದ ಎಷ್ಟೋ ಜನರ ಪರದೆಯ ಮೇಲೆ ‘ಕೋಲಾರ’ಕ್ಕೆ ಹಸಿರು ಟಿಕ್ ಬೀಳುತ್ತದೆ.

ಸದ್ಯಕ್ಕೆ ಲಿನಕ್ಸಿನಲ್ಲಿ ಆ ಫೋಲ್ಡರನ್ನು ರಿನೇಮ್ ಮಾಡಿ, ನಿಮ್ಮ ಕೀಬೋರ್ಡಿನಿಂದಲೇ ‘ಯೋಜನೆ’ ಎಂದು ಮತ್ತೆ ಟೈಪ್ ಮಾಡಿ. ಸರಿಹೋಗುತ್ತದೆ. ಆಮೇಲೆ ಆ ಮ್ಯಾನೇಜರಿನವರಿಗೆ ದೂರನ್ನೂ ಕಳಿಸಿ.

ಪ್ರಶ್ನೆ: ವಿಂಡೋಸಿನಲ್ಲಿ ಬರೆದ ಸ್ಕ್ರಿಪ್ಟ್ ಲಿನಕ್ಸಿನಲ್ಲಿ ‘ನೋಡ್ ಎಂಬ ಫೈಲ್ ಇಲ್ಲ’ ಎನ್ನುತ್ತದೆ. ನೋಡ್ ಇದೆ! (ಹುಬ್ಬಳ್ಳಿ)

ಸಾಲಿನ ಕೊನೆ ನೋಡಿ. ಟೆಲಿಪ್ರಿಂಟರ್ ಕಾಲದಲ್ಲಿ ಹೊಸ ಸಾಲಿಗೆ ಎರಡು ಸಂಕೇತ ಬೇಕಿತ್ತು, ಒಂದು ತಲೆಯನ್ನು ಎಡಕ್ಕೆ ತರಲು, ಇನ್ನೊಂದು ಕಾಗದ ಮೇಲೆತ್ತಲು. ವಿಂಡೋಸ್ ಎರಡನ್ನೂ ಉಳಿಸಿಕೊಂಡಿದೆ, ಲಿನಕ್ಸ್ ಎರಡನೆಯದನ್ನು ಮಾತ್ರ. ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕು ಎಂದು ಹೇಳುವ ನಿಮ್ಮ ಮೊದಲ ಸಾಲಿನ ಕೊನೆಗೆ ಕಾಣದ ಒಂದು ಸಂಕೇತ ಅಂಟಿಕೊಂಡಿದೆ, ಅದನ್ನೂ ಸೇರಿಸಿ ಲಿನಕ್ಸ್ ಹೆಸರು ಹುಡುಕುತ್ತಿದೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಸ್ಕ್ರಿಪ್ಟುಗಳಿಗೆ, ಸಾಲಿನ ಕೊನೆಗೆ ಆ ಎರಡನೆಯ ಸಂಕೇತ ಮಾತ್ರ ಇರಲಿ ಎನ್ನುವ ‘ಎಲ್‌ಎಫ್’ ಎಂದು ಬರೆದಿಡಿ.

ಪ್ರಶ್ನೆ: ಮಗು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮತ್ತೆ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಓಪನ್ ಸೋರ್ಸ್ ಕೆಲಸ ಮಾಡುವ ಆಸೆ. ನನ್ನ ಹತ್ತಿರ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಮಾತ್ರ ಇದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. (ಗೃಹಿಣಿ, ಕಲಬುರಗಿ)

ನಿಮ್ಮ ಲ್ಯಾಪ್‌ಟಾಪ್ ನಮಗೆ ಬೇಕು! ಸುಮ್ನೆ ಹುರುಪಿಗೆ ಹೇಳುತ್ತಿಲ್ಲ. ನಮ್ಮ ತಂಡದಲ್ಲಿ ಹೆಚ್ಚಿನವರು ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಬರೆಯುತ್ತಾರೆ. ಮೂರೂ ಸಿಸ್ಟಮ್ಮಿನಲ್ಲಿ ಟೆಸ್ಟ್ ಓಡಿಸುವ ಸರ್ವರುಗಳಿವೆ, ನಿಜ. ಆದರೆ ಆ ಸರ್ವರುಗಳಲ್ಲಿ ಡಿಸ್ಕ್ ತುಂಬಿರುವುದಿಲ್ಲ, ಯೂಸರ್ ಹೆಸರಿನ ನಡುವೆ ಸ್ಪೇಸ್ ಇರುವುದಿಲ್ಲ, ಕರೆಂಟ್ ಹೋಗುವುದಿಲ್ಲ. ಅವು ನಿಮ್ಮ ಮನೆಯಲ್ಲಿ ಆಗುತ್ತವೆ. ಬಗ್ಗುಗಳು ಸಿಗುವುದೂ ಅಲ್ಲೇ.

ಮೊದಲ ಕೆಲಸಕ್ಕೆ ಕೋಡ್ ಬರೆಯಬೇಕಿಲ್ಲ. ನೀವು ಬಳಸುವ ಯಾವುದಾದರೂ ಮ್ಯಾನೇಜರಿನ ಬಗ್ ಪಟ್ಟಿಯಲ್ಲಿ ‘ವಿಂಡೋಸ್’ ಎಂದು ಗುರುತು ಹಾಕಿದ ಹಳೆಯ ದೂರು ಒಂದನ್ನು ಆರಿಸಿಕೊಳ್ಳಿ. ಅದು ನಿಮ್ಮಲ್ಲಿ ಬರುತ್ತದಾ ನೋಡಿ. ಬಂದರೆ ಪ್ಯಾಕೇಜುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಎರರ್ ಇನ್ನೂ ಬರುವ ಅತಿ ಚಿಕ್ಕ ಪ್ರಾಜೆಕ್ಟ್ ಉಳಿಯುವ ತನಕ. ನಾಲ್ಕು ಸಾಲಿನ ಅಂಥ ಪ್ರಾಜೆಕ್ಟ್ ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ. ಬರದಿದ್ದರೂ ‘ಈ ವರ್ಷನ್ನಿನಲ್ಲಿ ನನಗೆ ಬರಲಿಲ್ಲ’ ಎಂದು ಬರೆಯಿರಿ, ಅದೂ ಉಪಯೋಗವೇ.

ರಿಪೋರ್ಟಿನಲ್ಲಿ ವಿಂಡೋಸಿನ ವರ್ಷನ್, ಮ್ಯಾನೇಜರಿನ ವರ್ಷನ್, ಪ್ರಾಜೆಕ್ಟ್ ಇರುವ ಪೂರ್ತಿ ಹಾದಿ, ಆಂಟಿವೈರಸ್ ಇದೆಯಾ ಇಲ್ಲವಾ, ಎರರಿನ ಪೂರ್ತಿ ಪಠ್ಯ ಇವಿಷ್ಟು ಇರಲಿ. ಎರರನ್ನು ಫೋಟೋ ತೆಗೆದು ಹಾಕಬೇಡಿ, ಕಾಪಿ ಮಾಡಿ ಅಂಟಿಸಿ. ಫೋಟೋದಲ್ಲಿ ಹುಡುಕಲಾಗುವುದಿಲ್ಲ. ಇಂಗ್ಲಿಷ್ ವ್ಯಾಕರಣವನ್ನು ಅಲ್ಲಿ ಯಾರೂ ತಿದ್ದುವುದಿಲ್ಲ. ನನ್ನ ಮೊದಲ ರಿಪೋರ್ಟ್ ಆರು ಸಾಲು ಇತ್ತು, ಅದರಲ್ಲಿ ನಾಲ್ಕು ಸಾಲು ಎರರ್ ಸಂದೇಶವೇ.

ಬೇಕಿದ್ದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದಿನ ತಿಂಗಳ ಪತ್ರಗಳ ಜೊತೆ ಅದನ್ನೂ ಓದುತ್ತೇನೆ, ಇಂಗ್ಲಿಷಿಗೆ ತರಲು ಜೊತೆಗೆ ಕೂರುತ್ತೇನೆ.